ಬೋರ್ ನೀರಿನಲ್ಲೂ ಅರಿಶಿನ

ತಾಳವಾಡಿ ಕಡೆಯ ನಮ್ಮ ಮಾವ ಅರಿಶಿನ ಬೆಳೆಯುತ್ತಾರೆ. ಗೆಡ್ಡೆ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ ಈರೋಡಿಗೆ ಸಾಗಿಸುವುದು ಅವರ ಕೆಲಸ. ಅದರಲ್ಲಿ ವಿಜ್ಞಾನ ತುರುಕುವುದು ನನ್ನ ಚಟ.

ಅರಿಶಿನದ ಹಳದಿಗೆ ಕಾರಣ ಕುರ್ಕ್ಯುಮಿನ್. ಅದು ನೀಲಿ ಬೆಳಕನ್ನು, ಅದರಲ್ಲೂ 425 ನ್ಯಾನೋಮೀಟರಿನ ಆಸುಪಾಸಿನದನ್ನು, ನುಂಗಿಬಿಡುತ್ತದೆ. ಪ್ರಯೋಗಾಲಯದವರು ಅರಿಶಿನದ ಸತ್ವವನ್ನು ಆಲ್ಕೋಹಾಲಿಗೆ ಇಳಿಸಿ, ಬೆಳಕು ಹಾಯಿಸಿ, ಎಷ್ಟು ನೀಲಿ ಮಾಯವಾಯಿತು ಎಂಬುದರಿಂದ ಕುರ್ಕ್ಯುಮಿನ್ ಲೆಕ್ಕ ಹಾಕುತ್ತಾರೆ. ಅವರ ಸ್ಪೆಕ್ಟ್ರೋಮೀಟರಿಗೆ ಕೈತುಂಬ ದುಡ್ಡು ಬೇಕು. ನನ್ನದಕ್ಕೆ ಒಂದು ಚಪ್ಪಲಿ ಡಬ್ಬಿ, ಎರಡು ಬ್ಲೇಡು, ಒಂದು ಡಿವಿಡಿ ಸಾಕಾಯಿತು.

ಡಿವಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 1,350 ಗೆರೆಗಳಿರುತ್ತವೆ. ಬ್ಲೇಡುಗಳ ನಡುವಿನ ಸೀಳಿನಿಂದ ನುಸುಳಿದ ಬೆಳಕನ್ನು ಅವು ಬಣ್ಣಬಣ್ಣವಾಗಿ ಬಿಡಿಸಿಡುತ್ತವೆ. ಅತ್ತೆಯ ಟೀವಿ ಹತ್ತಿರ ಸಿಕ್ಕಿದ್ದನ್ನು ಕತ್ತರಿಸಿದ ಮೇಲೆ ಹೆಸರು ಓದಿದೆ: ‘ಬಂಗಾರದ ಮನುಷ್ಯ’. ಅಣ್ಣಾವ್ರ ಗಾಜನೂರು ಇರುವುದು ಇದೇ ತಾಲ್ಲೂಕಿನಲ್ಲಿ. ಆ ರಾತ್ರಿ ಮುದ್ದೆ ನನ್ನ ತಟ್ಟೆಗೆ ಬಿದ್ದ ಸದ್ದಿಗೆ ಬೆಕ್ಕು ಎದ್ದು ಓಡಿತು.

ಮಾರನೆಯ ಸಂಜೆ ಜಗಲಿಯಲ್ಲಿ ಪ್ರದರ್ಶನ. ಕೊರೋನಾ ಕಾಲದ ಸ್ಯಾನಿಟೈಸರಿನಲ್ಲಿ ಪುಡಿ ಕಲಸಿ, ಸೋಸಿ, ಲೋಟವನ್ನು ಎಲ್‌ಇಡಿ ಬಲ್ಬಿನ ಮುಂದೆ ಹಿಡಿದೆ. ಡಬ್ಬಿಯೊಳಗೆ ಕೆಂಪಿತ್ತು, ಹಸಿರಿತ್ತು. ನೀಲಿ ಪೂರ್ತಿ ನಾಪತ್ತೆ. ಅಕ್ಕಪಕ್ಕದವರೂ ಸರದಿಯಲ್ಲಿ ಇಣುಕಿದರು.

“ಬರೀ ನೀರು ಹಿಡ್ದು ನೋಡ್ಲಾ,” ಎಂದರು ಮಾವ.

ಹಿಡಿದೆ. ನೀಲಿ ಇಲ್ಲ. ಹೊಲಕ್ಕೆ ಹಾಯಿಸಿದ ನೀರು ಕುರ್ಕ್ಯುಮಿನ್ ಹೊತ್ತು ಬೋರ್‌ವೆಲ್ಲಿಗೇ ಇಳಿದಿದೆ ಎಂದು ಗಂಭೀರವಾಗಿ ಘೋಷಿಸಿದೆ.

“ಹಂಗಾದ್ರೆ ಗೆಡ್ಡೆ ಯಾಕ್ ಕೀಳ್ಬೇಕು? ಮೋಟ್ರು ಹಾಕುದ್ರೆ ಸಾಕಲ್ಲ,” ಎಂದರು ಪಕ್ಕದ ಮನೆಯ ಅಜ್ಜ.

ಖಾಲಿ ಲೋಟ ಹಿಡಿದರೂ ನೀಲಿ ಇಲ್ಲ, ಲೋಟ ತೆಗೆದರೂ ಇಲ್ಲ. ಬಿಳಿ ಎಲ್‌ಇಡಿಯಲ್ಲಿ ನೀಲಿಯೇ ಜೋರು. ಅದರ ಮೇಲಿನ ಹಳದಿ ಲೇಪ ಆ ನೀಲಿಯಲ್ಲಿ ಒಂದು ಪಾಲನ್ನು ಹಳದಿ ಮಾಡುವುದರಿಂದಲೇ ಬೆಳಕು ಬೆಳ್ಳಗೆ ಕಾಣುವುದು. ಇದನ್ನೆಲ್ಲ ನಾನು ವಿವರಿಸುತ್ತ, ಬಲ್ಬು ಮಾಡಿದವರನ್ನು ಬೈಯುತ್ತಿರುವಾಗ ಪುಟ್ಟ ಹುಡುಗಿಯೊಬ್ಬಳು, “ಮಾಮ, ನಿನ್ ಬೆರಳು,” ಎಂದಳು. ಹೆಬ್ಬೆರಳು ಅಪ್ಪಟ ಅರಿಶಿನ. ಧೂಳು ಹೋಗದಿರಲೆಂದು ಸೀಳಿಗೆ ಅಂಟಿಸಿದ್ದ ಪಾರದರ್ಶಕ ಟೇಪಿನ ಮೇಲೂ ಅದೇ ಹೆಬ್ಬೆರಳಿನ ಹಳದಿ ಮುದ್ರೆ. ಪ್ರಯೋಗಾಲಯಗಳಲ್ಲಿ ಮೊದಲು ಅರಿಶಿನವಿಲ್ಲದ ಬರೀ ಆಲ್ಕೋಹಾಲನ್ನು ಇಟ್ಟು ನೋಡಿ, ಅದನ್ನೇ ಸೊನ್ನೆ ಎಂದು ಹಿಡಿಯುತ್ತಾರೆ. ನನ್ನ ಸೊನ್ನೆ ಊರವರ ಮುಂದೆ ಬಯಲಾಯಿತು.

“ಬುಡು ಮಗ,” ಎಂದು ಅತ್ತೆ ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿಸಿ ಅಂಗೈಯಲ್ಲಿ ತಿಕ್ಕಿದರು. ಕುಂಕುಮದಂತೆ ಕೆಂಪೇರಿತು. ಅವರ ಪರೀಕ್ಷೆಗೆ ಕರೆಂಟೂ ಬೇಕಾಗಿರಲಿಲ್ಲ.

ಮುಂದಿನ ವಾರ ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿಗೆ ಹೋದೆವು. ವ್ಯಾಪಾರಿ ಒಂದು ಗೆಡ್ಡೆ ಪಟ್ಟನೆ ಮುರಿದ, ಒಳಗಿನ ಬಣ್ಣ ನೋಡಿದ, ಮೂಸಿದ, ದರ ಹೇಳಿದ. ದರ ಮಾವನಿಗೆ ಹಿಡಿಸಲಿಲ್ಲ. ನನ್ನ ಕಡೆ ತಿರುಗಿದರು.

“ಎಲ್ಲಿ ನಿನ್ ಡಬ್ಬಿ? ಇವನ್ಗೂ ಕೊಡು. ನೀರ್ಗೂ ರೇಟ್ ಹಾಕ್ಲಿ.”