ಗೀಜಗ-ಹಳದಿ-ನಿರ್ಣಯ: ಚಿನ್ನದ ಗಣಿ ಪ್ರಾಂತದ ಒಂದು ಹಾರ್ಮೋನು ಮೀಮಾಂಸೆ

ಬೇತಮಂಗಲದ ಕೆರೆಯಂಚಿನಲ್ಲಿ, ಬಂಗಾರಪೇಟೆ ಸುತ್ತಿನ ಈಚಲು ಮರಗಳಲ್ಲಿ, ಮುಂಗಾರು ಬಂತೆಂದರೆ ಗಂಡು ಗೀಜಗದ ನೆತ್ತಿ ಹಳದಿಯಾಗುತ್ತದೆ. ಏತಕ್ಕೆ?

ಪೂರ್ವಪಕ್ಷ: ನೆಲದ ಚಿನ್ನ ಹಕ್ಕಿಯ ತಲೆಗೆ ಹತ್ತಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಬಂದಾಗಿನಿಂದ ಚಿನ್ನ ತಲೆಗೆ ಹತ್ತಿದವರನ್ನು ಈ ಸೀಮೆ ಧಾರಾಳವಾಗಿ ಕಂಡಿರುವುದರಿಂದ ವಾದವನ್ನು ತಟ್ಟನೆ ತಳ್ಳುವಂತಿಲ್ಲ. ಆದರೆ ಗಣಿಯ ಗಾಳಿ ಸೋಕದ ಊರುಗಳಲ್ಲೂ ಗೀಜಗ ಹಳದಿಯೇ. ಪೂರ್ವಪಕ್ಷ ಬಿತ್ತು.

ಸಿದ್ಧಾಂತ: ಬೆಳಕು. ಹಗಲು ಹಿಗ್ಗಿದಾಗ ಬಿಸಿಲು ಕಣ್ಣಿನ ಅಪ್ಪಣೆಗೂ ಕಾಯದೆ ತಲೆಬುರುಡೆ ತೂರಿ ಮೆದುಳಿನ ಹೈಪೊಥಲಾಮಸ್ಸನ್ನು ತಟ್ಟುತ್ತದೆ. ಅದು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಎಲ್‌ಎಚ್ ಎಂಬ ಹಾರ್ಮೋನು ಸುರಿಸುತ್ತದೆ, ವೃಷಣ ನೂರಾರು ಪಟ್ಟು ಊದಿ ಟೆಸ್ಟೋಸ್ಟೆರಾನ್ ಬಿಡುತ್ತದೆ. ಕಡತ ಇಷ್ಟು ಸಲೀಸಾಗಿ ಇಳಿದು ಬರುವ ಇಲಾಖೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಆಕ್ಷೇಪ: ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ, ಅಲ್ಲಿ ಹಗಲಿನ ಉದ್ದ ಸೊನ್ನೆ. ಸಿದ್ಧಾಂತ ನಿಜವಾದರೆ ಕಾರ್ಮಿಕರ ಲೈನ್‌ಮನೆಗಳಲ್ಲಿ ತೊಟ್ಟಿಲೇ ತೂಗಬಾರದಿತ್ತು. ಸಾಲುಸಾಲಾಗಿ ತೂಗಿದವು. ಆದ್ದರಿಂದ ಮನುಷ್ಯ ಹಕ್ಕಿಯಲ್ಲ ಎಂಬ ಮಹತ್ತರ ನಿಗಮನಕ್ಕೆ ಬರುತ್ತೇವೆ.

ಮರು ಆಕ್ಷೇಪ: 1902ರಲ್ಲಿ ಶಿವನಸಮುದ್ರದ ಕರೆಂಟು ಬಂದು ಕೆಜಿಎಫ್ ರಾತ್ರಿಯೂ ಬೆಳಗಿತು. ಗೀಜಗ ವರ್ಷವಿಡೀ ಏಕೆ ಹಳದಿಯಾಗಲಿಲ್ಲ? ಉತ್ತರ: ಕೋಲಾರದ ಅಕ್ಷಾಂಶದಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕದಕ್ಕೂ ಒಂದೂವರೆ ಗಂಟೆಯಷ್ಟೇ ಅಂತರ. ಬೆಳಕು ಮುಹೂರ್ತ ಬರೆದುಕೊಟ್ಟರೂ ಓಲಗ ಊದಿಸುವುದು ಮಳೆ. ಹೆಣೆಯಲು ಹಸಿ ಹುಲ್ಲಿಲ್ಲದಿದ್ದರೆ ಯಾವ ಬಲ್ಬೂ ಗೂಡು ಕಟ್ಟಿಸದು.

ಹೆಣ್ಣು ಅರ್ಧ ಕಟ್ಟಿದ ಗೂಡನ್ನು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಂಸಾರ. ಮೊಟ್ಟೆಯಿಟ್ಟವಳಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ, ಅವಳೊಬ್ಬಳೇ ಕಾವಿಗೆ ಕೂರುತ್ತಾಳೆ. ಯಜಮಾನರು ಪಕ್ಕದ ಗರಿಯಲ್ಲಿ ಇನ್ನೊಂದು ಗೃಹಪ್ರವೇಶದ ತಯಾರಿಯಲ್ಲಿರುತ್ತಾರೆ. ಋತು ಮುಗಿದಾಗ ವೃಷಣ ಮತ್ತೆ ಕುಗ್ಗುತ್ತದೆ. ಪ್ರತಿ ವರ್ಷ ಬೀಗಮುದ್ರೆ, ಪ್ರತಿ ವರ್ಷ ಪುನರಾರಂಭ.

ಇಲ್ಲಿಯೇ ಪ್ರಬಂಧದ ಪ್ರಾಣವಿದೆ. ಗೀಜಗದ ಹಳದಿಗೆ ಟೆಸ್ಟೋಸ್ಟೆರಾನ್ ಬೇಕಿಲ್ಲ ಎಂದು 1960ರ ದಶಕದಲ್ಲಿ ಬನಾರಸ್‌ನ ಪ್ರಾಣಿವಿಜ್ಞಾನಿಗಳು ತೋರಿಸಿದರು. ವೃಷಣ ತೆಗೆದ ಗಂಡಿಗೂ ಎಲ್‌ಎಚ್ ಇದ್ದರೆ ನೆತ್ತಿ ಝಗಝಗ. ಒಳಗೆ ಸರಕಿದೆಯೇ ಎಂದು ತಿಳಿಯಲು ಕೊಕ್ಕು ನೋಡಬೇಕು. ಅದು ಕಪ್ಪಾಗಲು ಟೆಸ್ಟೋಸ್ಟೆರಾನ್ ಬೇಕೇಬೇಕು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದಾಚೆ ಚುನಾವಣೆಯ ಋತುವಿನಲ್ಲೆಲ್ಲ ಅದನ್ನು ಮತ್ತೆ ತೆರೆಸುವ ಭರವಸೆಗಳ ನೆತ್ತಿ ಹಳದಿಯಾಗುವುದನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಜನ ನೋಡುತ್ತ ಬಂದಿದ್ದಾರೆ. ಕೊಕ್ಕು ತೋರಿಸಿ ಎಂದರೆ ಭರವಸೆ ಕೊಟ್ಟವರು ಮೈಕು ಅಡ್ಡ ಹಿಡಿಯುತ್ತಾರೆ.