ಸಾವಿರ ಗ್ರಾಮಿನ ಬೂಟು

ನಮ್ಮ ಅಳಿಯ ಡೆನ್ವರಿಗೆ ಹೋದ ಮೇಲೆ ಬೇಟೆಗಾರನಾಗಿದ್ದಾನೆ. ಕನ್ಯೆ ಕೊಡುವಾಗ ನಾವು ಎಲ್ಲ ವಿಚಾರಿಸಿದ್ದೆವು, ಇದೊಂದನ್ನು ವಿಚಾರಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ನವೆಂಬರ್ ಬಂತೆಂದರೆ ಕೊಲರಾಡೊ ಬೆಟ್ಟಗಳ ಹಿಮದಲ್ಲಿ ಎಲ್ಕ್ ಎಂಬ, ನಮ್ಮ ಕಡವೆಗಿಂತ ದೊಡ್ಡ ಪ್ರಾಣಿಯ ಬೆನ್ನು ಹತ್ತುತ್ತಾನೆ. ಲೈಸೆನ್ಸು ಇದೆ, ಮೈಮೇಲೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಇದೆ, ಕಾಯ್ದೆ ಪ್ರಕಾರ ಎಲ್ಲ ಸರಿಯೇ. ಆದರೆ ನಾವು ಮಸೂತಿ ಊರಿನವರು. ಕೊಲ್ಲಬಾರದೆಂದು ಹೇಳಿದ ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಸೀಮೆಯದು. ಕಡಲೆ ಹೊಲಕ್ಕೆ ಬಿದ್ದ ಚಿಗರಿಯನ್ನು ‘ಹೋ’ ಎಂದು ಕೂಗಿ ಓಡಿಸುವುದೇ ನಮ್ಮ ಬೇಟೆ. ಅದಕ್ಕಿಂತ ಮುಂದೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮನ್ನೇ ಬೇಟೆಯಾಡುತ್ತದೆ.

“ಮಾವಾರ, ಈ ಸಲ ನೀವೂ ಬರ್ರಿ. ಗುಂಡು ನಾ ಹೊಡೀತೀನಿ, ನೀವು ಬರೇ ಕುಂತು ನೋಡ್ರಿ” ಎಂದ. ಬೇಡವೆನ್ನಲು ಬಾಯಿ ತೆರೆದವನು “ಕಾಲಿಗೇನು ಹಾಕ್ಕೋಬೇಕಪಾ?” ಎಂದುಬಿಟ್ಟೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಕೌದಿ ಹೊದ್ದು ಓದಿದ್ದರ ಫಲ.

ಫೋನಿಗೆ ಬೂಟುಗಳ ಚಿತ್ರ ಬಂದವು. 200 ಗ್ರಾಮ್, 400, 800, 1000. ತೂಕವೇ ಇರಬೇಕೆಂದು, ಸಂತೆಯ ರೂಢಿಯಂತೆ “ಕೇಜಿದ್ದೇ ಇರಲಿ” ಎಂದೆ. ಅಳಿಯ ನಗು ನುಂಗಿ ವಿವರಿಸಿದ. ಅದು ಬೂಟಿನೊಳಗೆ ಹೊಲಿದ ಥಿನ್ಸುಲೇಟ್ ಪದರದ ಲೆಕ್ಕವಂತೆ, ಚದರ ಮೀಟರಿಗೆ ಅಷ್ಟು ಗ್ರಾಮ್. ಕೂದಲಿಗಿಂತ ಸಣ್ಣ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲ್ಲಾಡದೆ ನಿಲ್ಲುತ್ತದೆ, ಕಾಲು ಬೆಚ್ಚಗಿಡುವುದು ಆ ಗಾಳಿ. ಬೆಟ್ಟ ಹತ್ತಿ ಅಲೆಯುವವನಿಗೆ 200, 400 ಸಾಕು. ಒಂದೇ ಕಡೆ ಕದಲದೆ ಕೂಡುವವನಿಗೆ 800, 1000 ಬೇಕು. ನಾನು ಕೂಡುವವನು. ಆದರೆ ಕೂಡುವ ಜಾಗಕ್ಕೆ ಹತ್ತಿಯೇ ಹೋಗಬೇಕಲ್ಲ! ಹತ್ತುವಾಗ ಸಾವಿರ ಗ್ರಾಮಿನೊಳಗೆ ಕಾಲು ಬೆವರಿ, ಕಾಲುಚೀಲ ತೊಯ್ದು, ಕೂತ ಮೇಲೆ ಅದೇ ಬೆವರು ತಣ್ಣಗಾಗಿ ಬೆರಳು ಕೊರೆಯುತ್ತದೆ. ಹಾಗಾಗಿ ಹತ್ತಿಬಟ್ಟೆಯ ಕಾಲುಚೀಲ ಬೇಡ, ಉಣ್ಣೆಯದೇ ಆಗಬೇಕು. ಬೆರಳು ಆಡುವಷ್ಟು ಜಾಗವೂ ಇರಬೇಕು.

ವಿಷಯ ಚಾದಂಗಡಿಗೆ ಹೋಯಿತು. ಸೊಲ್ಲಾಪುರ ದಾಟದವರೆಲ್ಲ ಅಮೆರಿಕದ ಥಂಡಿಯ ಮೇಲೆ ಭಾಷಣ ಮಾಡಿದರು. ಒಬ್ಬನಂತೂ “ಕೊಲ್ಹಾಪುರಿ ಮೆಟ್ಟಿಗೆ 2019ರಾಗ ಜಿಐ ಸಿಕ್ಕೈತಿ, ಅದರಾಗ ನಮ್ಮ ವಿಜಯಪುರ ಜಿಲ್ಲಾನೂ ಐತಿ, ಅದನ್ನ ಬಿಟ್ಟು ಪರದೇಶದ ಬೂಟ ಯಾಕ?” ಎಂದು ನನ್ನ ದೇಶಪ್ರೇಮಕ್ಕೇ ಕೈ ಹಾಕಿದ. ಹಿಮದಲ್ಲಿ ಕೊಲ್ಹಾಪುರಿ! ಕೆಲಸಕ್ಕೆ ಬರುವ ಮಾತಾಡಿದವನು ಚಳಿಗಾಲದ ರಾತ್ರಿ ಜೋಳದ ಹೊಲ ಕಾಯುವವನೊಬ್ಬನೇ. “ಕಣಿಕಿ ಹಾಸಿ, ಅದರಾಗ ಕಾಲು ಹುಗಿದು ಕುಂದರ್ರಿ ಮಾಸ್ತರ, ಥಂಡಿ ಹತ್ರ ಬರಂಗಿಲ್ಲ.” ಎಲ್ಲರೂ ನಕ್ಕರು. ಆದರೆ ಉತ್ತರ ಧ್ರುವದ ಕಡೆಯ ಸಾಮಿ ಜನ ತಲೆತಲಾಂತರದಿಂದ ಬೂಟಿನೊಳಗೆ ಒಣಹುಲ್ಲು ತುಂಬಿಕೊಂಡೇ ಹಿಮ ತುಳಿದವರು. ಗಾಳಿ ಹಿಡಿದಿಡುವ ಗುಟ್ಟು ಇವನಿಗೂ ಗೊತ್ತು, ಅವರಿಗೂ ಗೊತ್ತು. ನಾನು ಮಾತ್ರ ಸಾವಿರ ಗ್ರಾಮಿಗೆ ಜೋತುಬಿದ್ದೆ.

ಬೂಟು ಬಂದದ್ದು ಮೇ ತಿಂಗಳಲ್ಲಿ. ಹೊಸ ಬೂಟನ್ನು ನೇರ ಬೆಟ್ಟಕ್ಕೆ ಒಯ್ಯಬಾರದು, ಹೋರಿ ಪಳಗಿಸಿದಂತೆ ಮೊದಲು ಮನೆಯಲ್ಲಿ ಪಳಗಿಸಬೇಕು ಎಂದು ಅಳಿಯನ ಕಟ್ಟಪ್ಪಣೆ. ಸಂಜೆ ಉಣ್ಣೆಯ ಕಾಲುಚೀಲ ಏರಿಸಿ, ಮೀನಖಂಡದವರೆಗೆ ಲೇಸು ಬಿಗಿದು, ಧೋತರ ಎತ್ತಿ ಕಟ್ಟಿ ಹೊರಟೆ. ನಲವತ್ತು ಡಿಗ್ರಿಯ ಬಿಸಿಲಿಗೆ ಎರಿ ಹೊಲ ಬಾಯಿ ಬಿಟ್ಟಿತ್ತು. ಎದುರಿಗೆ 2,400 ಮೆಗಾವ್ಯಾಟಿಗೆ ಕಲ್ಲಿದ್ದಲು ಉರಿಸುವ ಕೂಡಗಿ ಸ್ಥಾವರದ ಚಿಮಣಿಗಳು, ಇತ್ತ ಅದಕ್ಕೇನೂ ಕಡಿಮೆಯಿಲ್ಲದ ನನ್ನ ಪಾದಗಳು. ಒಳಗಿನ ಆವಿ ಹೊರಗೆ ಬಿಟ್ಟು, ಹೊರಗಿನ ನೀರು ಒಳಗೆ ಬಿಡದ ಗೋರ್‌ಟೆಕ್ಸ್ ಪೊರೆ ಬೂಟಿನಲ್ಲಿತ್ತು. ಹೊರಗೆ ಒಳಗಿನಷ್ಟೇ ಬೆಂಕಿಯಿದ್ದರೆ ಆವಿ ತಾನೇ ಯಾಕೆ ಹೊರಗೆ ಹೋದೀತು? ಅರ್ಧ ದಾರಿಗೆ ಬೂಟಿನೊಳಗೆ ಪಚಪಚ ಶುರುವಾಯಿತು. ಹಿಂದೆ ಹುಡುಗರ ದಂಡು: “ಮುತ್ಯಾ ಚಂದ್ರನ ಮ್ಯಾಲ ಹೊಂಟಾನ!” ಊರ ನಾಯಿಯೊಂದು ಬೊಗಳಲು ಬಂದು, ಬೂಟು ಮೂಸಿ, ಬೊಗಳದೆ ತಿರುಗಿತು. ಈ ಅವಮಾನವನ್ನು ಇವತ್ತಿಗೂ ಮರೆತಿಲ್ಲ.

ಮನೆಯ ಕಟ್ಟೆಗೆ ಬಂದು ಕೂತರೆ ಬೂಟು ಕಾಲು ಬಿಡಲೊಲ್ಲದು. ಬಿಸಿಲಿಗೆ ಪಾದ ಬಾತಿತ್ತು. ಹೆಂಡತಿ ಎಳೆದಳು. ಪಕ್ಕದ ಮನೆಯವನು ಎಳೆದ. ಒಬ್ಬ ನನ್ನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಹಿಡಿದ, ಇಬ್ಬರು ಒಂದೊಂದು ಕಾಲು ಹಿಡಿದು ಮುಂದಕ್ಕೆ ಜಗ್ಗಿದರು. ನಾನು ನಡುವೆ ಉದ್ದವಾಗುತ್ತ ಹೋದೆ. ಎಣ್ಣೆ ಬಿಡಬೇಕೆಂದು ತೀರ್ಮಾನವಾಯಿತು. ಆದರೆ ಯಾವ ಎಣ್ಣೆ? ಕುಸುಬಿ ಎಣ್ಣೆ ತೆಳು, ಸಂದಿಗೆ ಇಳಿಯುತ್ತದೆಂದು ಒಂದು ಪಕ್ಷ. ಶೇಂಗಾ ಎಣ್ಣೆಗೇ ಜಾರು ಹೆಚ್ಚೆಂದು ಇನ್ನೊಂದು. ವಾದ ಎಣ್ಣೆಯಿಂದ ಗಾಣಕ್ಕೆ, ಗಾಣದಿಂದ ಈ ವರ್ಷದ ಕುಸುಬಿ ದರಕ್ಕೆ ಹೋಯಿತು. ನನ್ನ ಎರಡು ಕಾಲು ಅವರವರ ಮಡಿಲಲ್ಲೇ ಇದ್ದವು. “ಕುಡಗೋಲಿಂದ ಸೀಳೂಣೇನ್ರಿ?” ಎಂದವನಿಗೆ ಬೂಟಿನ ಬೆಲೆ ಹೇಳಿದೆ. “ಹಂಗಾರ ಕಾಲು ಸೀಳೂಣು” ಎಂದ.

ಅಷ್ಟರಲ್ಲಿ ಮಿಲಿಟರಿಯಿಂದ ನಿವೃತ್ತನಾಗಿ ಬಂದ ಓಣಿಯ ಹುಡುಗ ಬಂದ. ಯಾರನ್ನೂ ಕೇಳದೆ ಕೂತು, ಲೇಸನ್ನು ಕೊಕ್ಕೆಗಳಿಂದ ಬುಡದವರೆಗೂ ಬಿಡಿಸಿ, ನಾಲಿಗೆ ಮುಂದಕ್ಕೆ ಮಡಚಿ, ಹಿಮ್ಮಡಿ ಹಿಡಿದು ಎಳೆದ. ಪಸಕ್ಕನೆ ಬಂತು. ಬೋರಲು ಹಾಕಿದರೆ ಬೆವರು ಕಟ್ಟೆಯ ಮೇಲೆ ಹರಿಯಿತು. ಎಲ್ಲರೂ ಬಿದ್ದುಬಿದ್ದು ನಗುವಾಗ ಅವನೊಬ್ಬ ಆ ನೀರು ನೋಡುತ್ತಿದ್ದ. “ಲಡಾಖದಾಗ ಹಿಂಗ ಒಳಗ ಹಸಿ ಆದ್ರ ಬೆರಳು ಕರ್ರಗಾಗಿ ಹೋಗತಾವ್ರಿ ಮಾಸ್ತರ” ಎಂದ.

ನಗು ನಿಂತಿತು. ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ನೆನಪಾದರು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ ಆರು ದಿನ ಹಿಮದಡಿ ಹೂತಿದ್ದು, ಜೀವಂತ ಸಿಕ್ಕು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಹಿಮಕುಸಿತ, ಬೂಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಎತ್ತರದ ಗಡಿಯ ಯೋಧರಿಗೆ ಹೊಸ ಬೂಟು ಸಿಗದೆ, ಇದ್ದವನ್ನೇ ಮತ್ತೆ ದುರಸ್ತಿ ಮಾಡಿ ಹಾಕಿಕೊಳ್ಳಬೇಕಾಯಿತೆಂದು ಸಿಎಜಿ ವರದಿ ಹೇಳಿತು. ಆಗ ಯಾವ ಚಾದಂಗಡಿಯಲ್ಲೂ ಗ್ರಾಮಿನ ಲೆಕ್ಕ ನಡೆದದ್ದು ನಾನು ಕೇಳಲಿಲ್ಲ.

ರಾತ್ರಿ ಅಳಿಯನಿಗೆ ಫೋನು ಮಾಡಿದೆ. ನಾನೂರು ಗ್ರಾಮಿನದು ಸಾಕು, ಕೂಡುವ ಜಾಗಕ್ಕೆ ಒಂದು ಸಿವುಡು ಕಣಿಕಿ ತರಲೇ ಎಂದು ಕೇಳಿದೆ. “ವಿಮಾನದಾಗ ಕಣಿಕಿ ಬಿಡಂಗಿಲ್ಲ ಮಾವಾರ” ಎಂದ. ಬೂಟು ಬದಲಿಸಿಕೊಡುತ್ತಾನಂತೆ.

ಹೆಂಡತಿ ಒಳಗಿನಿಂದ ಕೂಗಿದಳು: “ಗ್ರಾಮ ಎಷ್ಟರ ಇರ್ಲಿ. ಮಗಳ ಮನ್ಯಾಗ ಬೂಟ ಹೊರಗ ಬಿಟ್ಟು ಒಳಗ ಬರಬೇಕಂತ. ಅಲ್ಲಿ ಎಳ್ಯಾಕ ನಾಕ ಮಂದಿ ಅದಾರೇನು, ಕೇಳ್ರಿ ಮದಲ!”