ಪುಸ್ತಕದ ಹಕ್ಕು ಯಾರ ಮನೆಯಲ್ಲಿದೆ?

‘ಬರೆದವರು ಹೋಗಿ ಎಷ್ಟೋ ವರ್ಷ ಆತು. ಅವರ ಪುಸ್ತಕ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಾಕ ಇಷ್ಟ್ಯಾಕ ಪತ್ರ ಬರೀತೀರಿ?’ ಅಂತ ಪಕ್ಕದ ಮನೆ ವೈನಿ ಕೇಳಿದರು. ಬೆಳಗಾವಿಯ ಸದಾಶಿವನಗರದಲ್ಲಿ ಇಳಿಹೊತ್ತಿಗೆ ಕಂಪೌಂಡಿಗೆ ಆತು ನಿಂತರೆ ಇಂಥ ಮಾತು ಹುಟ್ಟುವುದೇ.

ಬರೆದವರು ಹೋದರೂ ಹಕ್ಕು ಇರ್ತದಲ್ರಿ! ನಮ್ಮದೇ ಜಿಲ್ಲೆಯ ಕಾದಂಬರಿಕಾರ ಬಸವರಾಜ ಕಟ್ಟೀಮನಿ ತೀರಿಕೊಂಡದ್ದು 1989ರಲ್ಲಿ. ಮರುವರ್ಷದಿಂದ 60 ವರ್ಷ ಎಣಿಸಬೇಕು. ಅಂದರೆ 2049 ಮುಗಿಯುವ ತನಕ ಕೇಳದೆ ಹಾಕುವಂತಿಲ್ಲ. ಬೆಟಗೇರಿ ಕೃಷ್ಣಶರ್ಮರದು 2042ರ ತನಕ. ಅಲ್ಲಿವರೆಗೆ ಕಾಗದ ಬಾಳಬೇಕಲ್ಲ?

ಕಾಗದ ಅಂದಕೂಡಲೇ ಖಾನಾಪುರದ ಸೋದರಮಾವನ ಮನೆ ನೆನಪಾಯಿತು ನೋಡಿ. ಅಲ್ಲಿಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಬಿಸಿಲು ಬಿದ್ದ ದಿನ ಅತ್ತೆ ಟ್ರಂಕಿನ ಪುಸ್ತಕಗಳನ್ನು ಅಂಗಳದಲ್ಲಿ ಹಪ್ಪಳದ ಹಾಗೆ ಹರವುತ್ತಿದ್ದರು. ರಟ್ಟಿಗೆ ಬೂಷ್ಟು, ಹಾಳೆಗೆ ಗೆದ್ದಲು. ಕೆಲವಕ್ಕಂತೂ ಪ್ರಕಾಶಕರ ಹೆಸರಿದ್ದ ಪುಟವೇ ಇಲ್ಲ. ಅಂಥದಕ್ಕೆ ಯಾರನ್ನು ಕೇಳೋದು, ಹೇಳ್ರಿ?

ಇರಲಿ, ಅನುಮತಿಯ ಮಾತಿಗೆ ಬರೋಣ. ಮೋಜೇನೆಂದರೆ, ನಾವೆಲ್ಲ ಮೊದಲು ಓಡುವುದು ಪ್ರಕಾಶಕರ ಹತ್ತಿರ, ಆದರೆ ಹಕ್ಕು ಅವರಲ್ಲೇ ಇರಬೇಕಂತಿಲ್ಲ! ಎಷ್ಟೋ ಲೇಖಕರು ಒಂದು ಆವೃತ್ತಿಗಷ್ಟೇ ಒಪ್ಪಿಗೆ ಕೊಟ್ಟಿರುತ್ತಾರೆ. ಕೃತಿಸ್ವಾಮ್ಯ ಕಾಯ್ದೆಗೆ 1995ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಹಕ್ಕು ಬರೆದುಕೊಟ್ಟಿದ್ದು, ಕರಾರಿನಲ್ಲಿ ಅವಧಿ ಹೇಳಿಲ್ಲದಿದ್ದರೆ, ಕಾನೂನು ಅದನ್ನು 5 ವರ್ಷ ಅಂತಲೇ ಹಿಡಿಯುತ್ತದೆ. ಅದಕ್ಕಿಂತ ಹಳೆಯದಾದರೆ ಕರಾರುಪತ್ರವನ್ನೇ ಹುಡುಕಿ ಓದಬೇಕು. ಅಂಗಡಿ ಮುಚ್ಚಿ ಹೋದ ಪ್ರಕಾಶಕರ ಕರಾರು ಯಾವ ಅಟ್ಟದಲ್ಲಿದೆಯೋ! ಹಾಗಾಗಿ ಲೇಖಕರ ಮಕ್ಕಳು, ಮೊಮ್ಮಕ್ಕಳ ಮನೆಗೆ ಹೋಗಿ ಚಹಾ ಕುಡಿಯುತ್ತ ಕೇಳುವುದೇ ಒಳ್ಳೆಯದು. ಬಾಯಿಮಾತು ಮಾತ್ರ ಸಾಲದು, ಬರೆಸಿಕೊಳ್ಳಬೇಕು.

ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಾಡಲು ಸ್ಕ್ಯಾನ್ ಮಾಡಿಟ್ಟುಕೊಳ್ಳಬಹುದು ಅನ್ನಿ. ಊರಿಗೆಲ್ಲ ಹಂಚಲು ಒಪ್ಪಿಗೆ ಬೇಕೇ ಬೇಕು.

ಮನಸ್ಸಿದ್ದರೆ ಇದೇನು ದೊಡ್ಡದಲ್ಲ. 2014ರಲ್ಲಿ ಕಾದಂಬರಿಕಾರ ನಿರಂಜನರ ಕುಟುಂಬ ಅವರ 50ಕ್ಕೂ ಹೆಚ್ಚು ಕೃತಿಗಳನ್ನು, ಮತ್ತೆ ಕೇಳದೆಯೇ ಯಾರು ಬೇಕಾದರೂ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಕೊಟ್ಟಿತು. ಎಂಥ ದೊಡ್ಡ ದಾನ, ಅಲ್ವಾ?

ನಿಮ್ಮ ಮನೆತನದಲ್ಲೂ ಬರೆದವರಿದ್ದರೆ, ವಾರಸುದಾರರೆಲ್ಲ ಒಮ್ಮೆ ಕೂತು ಪತ್ರ ಮಾಡಿಡಿ. ಪುಸ್ತಕಗಳ ಹೆಸರು, ಯಾವ ಪರವಾನಗಿ, ಕೆಳಗೆ ಎಲ್ಲರ ಸಹಿ, ಇಷ್ಟು ಸಾಕು. ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸಬೇಡಿ.